ದನಿ ಏರಿಸದ ಕೋಚ್

ಅಮೆರಿಕದಲ್ಲಿ ಸೆಪ್ಟೆಂಬರ್ ಬಂತೆಂದರೆ ಶನಿವಾರಗಳೆಲ್ಲ ಕಾಲೇಜು ಫುಟ್‌ಬಾಲಿನ ಪಾಲು. ನಾವು ಕಾಲಲ್ಲಿ ಒದ್ದು ಆಡುವ ಫುಟ್‌ಬಾಲ್ ಅಲ್ಲ ಅದು. ಮೊಟ್ಟೆಯಾಕಾರದ ಚೆಂಡನ್ನು ಅವುಚಿಕೊಂಡು ಓಡುವ, ಎಸೆದು ಹಿಡಿಯುವ, ಎದುರಿಗೆ ಬಂದವನನ್ನು ನೆಲಕ್ಕೆ ಕೆಡಹುವ ಆಟ. ಒಂದೊಂದು ಕಡೆ ಹನ್ನೊಂದು ಜನ. ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ನಮ್ಮ ಮಕ್ಕಳು ಎಂಜಿನಿಯರಿಂಗ್ ಓದಲು ಹೋಗುವ ಒಹಾಯೊ, ಮಿಷಿಗನ್, ಟೆಕ್ಸಸ್ ವಿಶ್ವವಿದ್ಯಾಲಯಗಳಲ್ಲೇ ಒಂದೊಂದು ಪಂದ್ಯಕ್ಕೆ ಲಕ್ಷ ಜನ ಸೇರುತ್ತಾರೆ. ಮಿಷಿಗನ್‌ನ ಕ್ರೀಡಾಂಗಣದ ಆಸನಗಳೇ 1,07,601. ಆ ಲಕ್ಷ ಜನರ ನಡುವೆ ಟಿವಿ ಕ್ಯಾಮೆರಾ ಮತ್ತೆ ಮತ್ತೆ ಹೋಗಿ ನಿಲ್ಲುವುದು ಗೆರೆಯಾಚೆ ನಿಂತ ಒಬ್ಬ ಮನುಷ್ಯನ ಮುಖದ ಮೇಲೆ. ಆತ ತಂಡದ ಮುಖ್ಯ ಕೋಚ್. ಅವನು ಕತ್ತಿನ ನರ ಉಬ್ಬಿಸಿ ಕೂಗಾಡಿದರೆ, ಇವನಿಗೆ ಗೆಲ್ಲುವ ಛಲವಿದೆ ಎನ್ನುತ್ತಾರೆ. ಕೈಕಟ್ಟಿ ಸುಮ್ಮನೆ ನಿಂತರೆ, ಇವನಿಗೆ ಆಟದ ಮೇಲೆ ಆಸ್ಥೆಯಿದೆಯೇ ಎಂದು ಕೇಳುತ್ತಾರೆ. ಮೆದು ಮಾತಿನ, ಶಾಂತ ಸ್ವಭಾವದ ಕೋಚ್ ಈ ಆಟದಲ್ಲಿ ಗೆಲ್ಲಬಲ್ಲನೇ ಎಂಬುದು ಅಲ್ಲಿ ಹಳೆಯ ಚರ್ಚೆ. ಗೆಲ್ಲಬಲ್ಲ, ಗೆದ್ದಿದ್ದಾನೆ ಎಂಬುದು ನನ್ನ ವಾದ. ಅದಕ್ಕಿಂತ ಮುಖ್ಯವಾಗಿ, ಗೆಲುವಿನ ಮೂಲವನ್ನು ಕೋಚ್‌ನ ದನಿಯಲ್ಲಿ ಹುಡುಕುವವರು ಆಟ ನಡೆಯುವ ಜಾಗವನ್ನೇ ತಪ್ಪಾಗಿ ಗುರುತಿಸಿದ್ದಾರೆ.

ಈಚಿನ ಒಂದು ಉದಾಹರಣೆ ನೋಡೋಣ. 2024ರ ಜನವರಿಯಲ್ಲಿ ಅಲಬಾಮ ವಿಶ್ವವಿದ್ಯಾಲಯದ ಕೋಚ್ ನಿಕ್ ಸಾಬನ್ ನಿವೃತ್ತರಾದರು. ಹಿಂದೆ ಲೂಯಿಸಿಯಾನದಲ್ಲಿ ಒಂದು, ಅಲಬಾಮದಲ್ಲಿ ಆರು, ಒಟ್ಟು ಏಳು ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಸಿಟ್ಟಿಗೂ ಅಷ್ಟೇ ಹೆಸರಾದವರು. ಅವರ ಜಾಗಕ್ಕೆ ಬಂದ ಕೇಲನ್ ಡಿಬೋರ್ ಸೌಮ್ಯ ಮನುಷ್ಯ. ಮೊದಲ ವರ್ಷ ತಂಡ 9 ಪಂದ್ಯ ಗೆದ್ದು 4 ಸೋತಿತು. ಕೂಡಲೇ ಮಾತು ಅವರ ಮುಖದ ಕಡೆಗೆ ತಿರುಗಿತು: ಕಳೆ ಇಲ್ಲ, ಕಾವು ಇಲ್ಲ, ಹುಡುಗರಿಗೆ ಹೆದರಿಕೆಯೇ ಇಲ್ಲ. ಅದರ ಹಿಂದಿನ ವರ್ಷ ಇದೇ ಡಿಬೋರ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡಕ್ಕೆ ಸತತ 14 ಪಂದ್ಯ ಗೆಲ್ಲಿಸಿ ರಾಷ್ಟ್ರೀಯ ಫೈನಲ್‌ಗೆ ಕರೆದೊಯ್ದಿದ್ದರು. ಅದಕ್ಕೂ ಮುಂಚೆ ಸೂ ಫಾಲ್ಸ್ ಎಂಬ ಸಣ್ಣ ಕಾಲೇಜಿನಲ್ಲಿ 67 ಗೆಲುವು, ಬರೀ 3 ಸೋಲು. ಆಗಲೂ ಮುಖ ಇದೇ ಆಗಿತ್ತು, ದನಿ ಇದೇ ಆಗಿತ್ತು. ಗೆದ್ದಾಗ ಧೃತಿ ಎನಿಸಿಕೊಂಡದ್ದು ಸೋತಾಗ ನಿರುತ್ಸಾಹ ಎನಿಸಿಕೊಂಡಿತು. ಫಲಿತಾಂಶ ಬಂದ ಮೇಲೆ ಕಾರಣವನ್ನು ಮುಖದಲ್ಲಿ ಓದುವ ಈ ಅಭ್ಯಾಸವನ್ನು ಬಿಟ್ಟರೆ ಮಾತ್ರ ವಿಷಯ ತಿಳಿಯಾಗುತ್ತದೆ.

ಹಾಗೆ ನೋಡುವುದಾದರೆ ಎಲ್ಲಕ್ಕಿಂತ ದೊಡ್ಡ ಪುರಾವೆ ಟಾಮ್ ಆಸ್ಬೋರ್ನ್. ನೆಬ್ರಾಸ್ಕದವರು, ಶೈಕ್ಷಣಿಕ ಮನೋವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. 1973ರಿಂದ 1997ರವರೆಗೆ 25 ವರ್ಷ ಆ ರಾಜ್ಯದ ವಿಶ್ವವಿದ್ಯಾಲಯದ ತಂಡವನ್ನು ನಡೆಸಿದರು. ಕೂಗಾಡದ, ಬೈಗುಳ ಆಡದ ಮನುಷ್ಯ ಎಂದೇ ಪ್ರಸಿದ್ಧರು. 255 ಗೆಲುವು, 49 ಸೋಲು, 3 ಸಮ. ಇಪ್ಪತ್ತೈದರಲ್ಲಿ ಒಂದು ವರ್ಷವೂ ಒಂಬತ್ತಕ್ಕಿಂತ ಕಡಿಮೆ ಗೆಲುವಿಲ್ಲ. ಆದರೂ ಬಹುಕಾಲ ಅವರ ಮೇಲಿದ್ದ ದೂರು ಒಂದೇ: ಒಳ್ಳೆಯವರು, ಆದರೆ ದೊಡ್ಡ ಪಂದ್ಯ ಗೆಲ್ಲುವ ಕೆಚ್ಚಿಲ್ಲ. ಕಡು ವೈರಿಯಾದ ಒಕ್ಲಹೋಮಕ್ಕೆ ಮೊದಲ ಐದು ವರ್ಷವೂ ಸೋತಾಗ ಆ ದೂರು ಬೇರುಬಿಟ್ಟಿತು. ಮುಂದೆ 1984ರ ಜನವರಿ 2ರ ರಾತ್ರಿ ಬಂತು. ಮಯಾಮಿಯಲ್ಲಿ, ಅಲ್ಲಿನದೇ ವಿಶ್ವವಿದ್ಯಾಲಯದ ತಂಡದೆದುರು ಆರೆಂಜ್ ಬೌಲ್ ಪಂದ್ಯ. ಆ ಋತುವಿನ ಹನ್ನೆರಡೂ ಪಂದ್ಯ ಗೆದ್ದು, ದೇಶದ ಮೊದಲ ಸ್ಥಾನದಲ್ಲಿದ್ದು ಬಂದ ನೆಬ್ರಾಸ್ಕ ಅಂದು ಹಿಂದೆ ಬಿದ್ದಿತ್ತು. ಆಟ ಮುಗಿಯಲು 48 ಸೆಕೆಂಡ್ ಇರುವಾಗ ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿ, ಟಚ್‌ಡೌನ್ ಬಂದು ಅಂಕ 31-30 ಆಯಿತು. ಈಗ ಚೆಂಡನ್ನು ಕಂಬಗಳ ನಡುವೆ ಒದ್ದರೆ ಒಂದು ಅಂಕ, ಪಂದ್ಯ ಸಮ. ಕಾಲೇಜು ಆಟದಲ್ಲಿ ಆಗ ಹೆಚ್ಚುವರಿ ಅವಧಿ ಇರಲಿಲ್ಲ. ಸಮ ಮಾಡಿಕೊಂಡಿದ್ದರೆ ರಾಷ್ಟ್ರೀಯ ಪ್ರಶಸ್ತಿ ಬಹುತೇಕ ನೆಬ್ರಾಸ್ಕದ್ದೇ ಆಗುತ್ತಿತ್ತು. ಒದೆಯುವ ಬದಲು ಇನ್ನೊಮ್ಮೆ ಚೆಂಡನ್ನು ಗೆರೆ ದಾಟಿಸಿದರೆ ಎರಡು ಅಂಕ, ನೇರ ಗೆಲುವು. ತಪ್ಪಿದರೆ ಎಲ್ಲವೂ ಹೋದಂತೆ. ಆಸ್ಬೋರ್ನ್ ಎರಡಕ್ಕೇ ಹೋದರು. ನೆಬ್ರಾಸ್ಕದ ಆಟಗಾರ ಟರ್ನರ್ ಗಿಲ್ ಎಸೆದ ಚೆಂಡಿಗೆ ಮಯಾಮಿಯ ರಕ್ಷಕನ ಕೈ ತಗುಲಿತು, ಪ್ರಶಸ್ತಿ ಕೈತಪ್ಪಿತು. ಆ ತೀರ್ಮಾನ ಸರಿಯೋ ತಪ್ಪೋ ಎಂದು ಇಂದಿಗೂ ವಾದಿಸುತ್ತಾರೆ. ಆದರೆ ಅದನ್ನು ಕೆಚ್ಚಿಲ್ಲದವನ ತೀರ್ಮಾನ ಎನ್ನಲು ಯಾರಿಗೂ ಬಾಯಿ ಬರಲಾರದು. ಮೃದು ಸ್ವಭಾವ ಬೇರೆ, ಪುಕ್ಕಲುತನ ಬೇರೆ. ಆ ರಾತ್ರಿ ಎರಡರ ನಡುವಿನ ಗೆರೆ ಲಕ್ಷಾಂತರ ಜನರ ಕಣ್ಣೆದುರು ಸ್ಪಷ್ಟವಾಯಿತು.

ಅಲ್ಲಿಂದ ಪ್ರಶಸ್ತಿಗೆ ಅವರು ಮತ್ತೆ ಹತ್ತು ವರ್ಷಕ್ಕೂ ಮಿಕ್ಕಿ ಕಾದರು. 1994ರ ಜನವರಿ 1ರಂದು ಅದೇ ಆರೆಂಜ್ ಬೌಲ್‌ನಲ್ಲಿ ಫ್ಲಾರಿಡ ಸ್ಟೇಟ್‌ಗೆ 18-16ರಿಂದ ಸೋತರು. ಅತ್ತ ಕಡೆ ನಿಂತಿದ್ದವರು ಬಾಬಿ ಬೌಡನ್, ನಗುಮೊಗದ, ಹಿತವಾದ ಮಾತಿನ ಮನುಷ್ಯ. ಅಂದರೆ ಆ ವರ್ಷದ ಪ್ರಶಸ್ತಿಗಾಗಿ ಸೆಣಸಿದವರು ಇಬ್ಬರೂ ಸೌಮ್ಯರೇ. ಮುಂದಿನ ನಾಲ್ಕು ಋತುಗಳಲ್ಲಿ ಆಸ್ಬೋರ್ನ್‌ಗೆ ಮೂರು ಪ್ರಶಸ್ತಿ ಬಂದವು: 1994, 1995, ಮಿಷಿಗನ್ ಜೊತೆ ಹಂಚಿಕೊಂಡ 1997. ಕೊನೆಯ ಐದು ಋತುಗಳಲ್ಲಿ 60 ಗೆಲುವು, 3 ಸೋಲು. ಅವರ ಸ್ವಭಾವವೇನೂ ನಡುವೆ ಬದಲಾಗಲಿಲ್ಲ. 1973ರಲ್ಲಿ ಅಡ್ಡಿಯಾಗಿದ್ದ ಶಾಂತ ಗುಣ 1994ರಲ್ಲಿ ಇದ್ದಕ್ಕಿದ್ದಂತೆ ಸಹಾಯಕ್ಕೆ ಬಂತು ಎಂದು ನಂಬುವುದು ಕಷ್ಟ. ಗುಣ ಹಾಗೇ ಇತ್ತು. ಅದರ ಜೊತೆಗೆ ಕಲಿಸುವ ಕ್ರಮ, ಆಟಗಾರರ ಆಯ್ಕೆ, ದೇಹ ಬಲಪಡಿಸುವ ವ್ಯವಸ್ಥೆ ಇವೆಲ್ಲ ವರ್ಷದಿಂದ ವರ್ಷಕ್ಕೆ ಮಾಗಿದವು.

ಶನಿವಾರದ ಕೂಗಾಟಕ್ಕೆ ಕೆಲಸ ಎಷ್ಟಿದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಪಂದ್ಯದ ಗಡಿಯಾರ ಓಡುವುದು 60 ನಿಮಿಷ. ಅದಕ್ಕೆ ಮುಂಚೆ ಇಡೀ ವಾರದ ತಯಾರಿ ಇರುತ್ತದೆ; ನಿಯಮದ ಪ್ರಕಾರ ವಾರಕ್ಕೆ ಗರಿಷ್ಠ 20 ಗಂಟೆ. ಅಷ್ಟರಲ್ಲಿ ಎದುರಾಳಿಯ ವಿಡಿಯೊ ನೋಡಬೇಕು, ಹತ್ತಾರು ಹೊಸ ಹೂಟಗಳನ್ನು ಕಲಿಯಬೇಕು, ಒಂದೇ ಹೆಜ್ಜೆಯನ್ನು ಕಾಲಿಗೆ ಅಭ್ಯಾಸವಾಗುವ ತನಕ ಇಡಬೇಕು. ತಾಳ ತಪ್ಪಿದ ಶಿಷ್ಯೆಗೆ ಸಂಗೀತದ ಮೇಷ್ಟ್ರು ಮತ್ತೆ ತೊಡೆ ತಟ್ಟಿ ತೋರಿಸುವಂಥ ಕೆಲಸ ಅದು; ಗದರಿದ ಮಾತ್ರಕ್ಕೆ ತಾಳ ಕೂಡುವುದಿಲ್ಲ. ಪಂದ್ಯದ ದಿನವಂತೂ ಒಂದು ಯತ್ನ ಮುಗಿದು ಇನ್ನೊಂದು ಶುರುವಾಗಲು 40 ಸೆಕೆಂಡ್. ಆ ಹೊತ್ತಿನಲ್ಲಿ ಕೋಚ್ ಮುಂದಿನ ಹೂಟ ಆರಿಸಬೇಕು, ಆಟಗಾರರನ್ನು ಬದಲಿಸಬೇಕು, ಸಂದೇಶ ಮುಟ್ಟಿಸಬೇಕು. ಹಿಂದೆ ಕೈಸನ್ನೆಯಲ್ಲಿ, ಚಿತ್ರ ಬರೆದ ಹಲಗೆಯಲ್ಲಿ ಮುಟ್ಟಿಸುತ್ತಿದ್ದರು. 2024ರಿಂದ ದೊಡ್ಡ ತಂಡಗಳಲ್ಲಿ ಮೈದಾನದ ಒಬ್ಬ ಆಟಗಾರನ ಹೆಲ್ಮೆಟ್‌ನೊಳಗೆ ರೇಡಿಯೊ ಬಂದಿದೆ. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದು ತಾನಾಗಿ ಕಡಿದುಹೋಗುತ್ತದೆ. ಲಕ್ಷ ಜನರ ಗದ್ದಲದ ನಡುವೆ ಇಪ್ಪತ್ತರ ಹುಡುಗನೊಬ್ಬ ಕಿವಿಗೆ ಬಿದ್ದ ಐದಾರು ಪದಗಳನ್ನು ತಪ್ಪಿಲ್ಲದೆ ಹಿಡಿದು ಹತ್ತು ಜನಕ್ಕೆ ಹೇಳಬೇಕು. ಅವನಿಗೆ ಬೇಕಾದದ್ದು ಸ್ಪಷ್ಟವಾದ ಮಾತು. ಸಿಟ್ಟಿನಲ್ಲಿ ಸ್ಪಷ್ಟತೆ ಮೊದಲು ಸಾಯುತ್ತದೆ.

ಇದಕ್ಕೆ ಬರುವ ಬಲವಾದ ಆಕ್ಷೇಪ ಇತಿಹಾಸದ್ದೇ. ಅತಿ ಹೆಚ್ಚು ಗೆದ್ದವರ ಪಟ್ಟಿಯಲ್ಲಿ ಕಟುವಾದವರೇ ತುಂಬಿದ್ದಾರಲ್ಲ? ಹೌದು, ತುಂಬಿದ್ದಾರೆ. ಬೇರ್ ಬ್ರಯಂಟ್ 1954ರಲ್ಲಿ ಟೆಕ್ಸಸ್ ಎ ಅಂಡ್ ಎಂ ತಂಡವನ್ನು ಜಂಕ್ಷನ್ ಎಂಬ ಊರಿಗೆ ಕರೆದೊಯ್ದು, ಬರಗಾಲದ ಬಿಸಿಲಲ್ಲಿ ನೀರು ಕೊಡದೆ ಹತ್ತು ದಿನ ದುಡಿಸಿದ ಕಥೆಯನ್ನು ಅಲ್ಲಿ ವೀರಗಾಥೆಯಂತೆ ಹೇಳುತ್ತಾರೆ. ಎರಡು ವರ್ಷದ ನಂತರ ಆ ತಂಡ ಒಂದೂ ಸೋಲಿಲ್ಲದೆ ಋತು ಮುಗಿಸಿತು ಎಂಬುದೂ ನಿಜ. ಆದರೆ ಶಿಬಿರ ನಡೆದ ಆ ವರ್ಷವೇ ತಂಡ ಗೆದ್ದದ್ದು ಒಂದೇ ಪಂದ್ಯ, ಸೋತದ್ದು ಒಂಬತ್ತು. ಹುಡುಗರಲ್ಲಿ ಬಹುಪಾಲು ಮಂದಿ ಶಿಬಿರದಿಂದಲೇ ಓಡಿಹೋಗಿದ್ದರು. ಉಳಿದವರ ಕಥೆ ಪುಸ್ತಕವಾಯಿತು, ಓಡಿಹೋದವರಲ್ಲಿ ಎಂಥ ಆಟಗಾರರಿದ್ದರೋ ಲೆಕ್ಕ ಇಟ್ಟವರಿಲ್ಲ. ಒಹಾಯೊ ಸ್ಟೇಟ್‌ನ ವೂಡಿ ಹೇಸ್ 28 ವರ್ಷ ಗೆಲುವು ತಂದವರು. 1978ರ ಡಿಸೆಂಬರ್ 29ರಂದು ತಮ್ಮ ಚೆಂಡನ್ನು ಕಸಿದ ಎದುರಾಳಿ ತಂಡದ ಹುಡುಗನಿಗೆ ಟಿವಿ ಕ್ಯಾಮೆರಾ ಎದುರೇ ಗುದ್ದಿದರು. ಮರುದಿನ ಕೆಲಸ ಹೋಯಿತು. ಸಾಬನ್ ವಿಷಯ ಇನ್ನೂ ಕುತೂಹಲದ್ದು. ಅವರ ಸಿಟ್ಟು ಜಗಜ್ಜಾಹೀರು. ಆದರೆ ಅವರು ತಮ್ಮ ಗೆಲುವಿನ ಗುಟ್ಟೆಂದು ಹೇಳಿಕೊಂಡು ಬಂದ ವಿಧಾನ ಹುಟ್ಟಿದ್ದು 1998ರಲ್ಲಿ, ಮಿಷಿಗನ್ ಸ್ಟೇಟ್‌ನ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕ ಲಯನೆಲ್ ರೋಸೆನ್ ಅವರ ಸಲಹೆಯಿಂದ: ಅಂಕಫಲಕ ನೋಡಬೇಡಿ, ಒಂದು ಯತ್ನ ನಡೆಯುವುದು ಏಳೇ ಸೆಕೆಂಡ್, ಆ ಏಳು ಸೆಕೆಂಡ್ ಮಾತ್ರ ನೋಡಿ, ಮುಗಿದರೆ ಮರೆತು ಮುಂದಿನದಕ್ಕೆ ಹೋಗಿ. ಆ ನವೆಂಬರ್‌ನಲ್ಲಿ, ಸಾಬನ್ ಆಗ ನಡೆಸುತ್ತಿದ್ದ ಮಿಷಿಗನ್ ಸ್ಟೇಟ್ ತಂಡ ದೇಶದ ಮೊದಲ ಸ್ಥಾನದಲ್ಲಿದ್ದ ಒಹಾಯೊ ಸ್ಟೇಟನ್ನು 28-24ರಿಂದ ಮಣಿಸಿತು. ಉದ್ವೇಗವನ್ನು ಬದಿಗಿಡುವುದೇ ಆ ವಿಧಾನದ ತಿರುಳು. ಕೂಗಾಡುವ ಕೋಚ್ ಕೂಡ ಗೆದ್ದದ್ದು ತಣ್ಣನೆಯ ತಲೆಯ ಪಾಠದಿಂದ.

ಇನ್ನೊಂದು ಆಕ್ಷೇಪ ಸಂಶೋಧನೆಯಿಂದ ಬರುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದ ಬ್ಯಾರಿ ಸ್ಟಾ ಮತ್ತು ಸಂಗಡಿಗರು ಹೈಸ್ಕೂಲು, ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳ ಕೋಚ್‌ಗಳು ಅರ್ಧವಿರಾಮದಲ್ಲಿ ಆಡಿದ ಮುನ್ನೂರಕ್ಕೂ ಹೆಚ್ಚು ಭಾಷಣಗಳನ್ನು ಕೇಳಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೋಚ್ ಸ್ವಲ್ಪ ಖಾರವಾಗಿ ಮಾತಾಡಿದ ತಂಡಗಳು ಉತ್ತರಾರ್ಧದಲ್ಲಿ ಚೆನ್ನಾಗಿ ಆಡಿದ್ದವು. ಖಾರ ಮಿತಿಮೀರಿದಲ್ಲಿ ಆಟ ಕೆಟ್ಟಿತ್ತು. ಹಾಗಾದರೆ ಅಷ್ಟಿಷ್ಟು ಸಿಟ್ಟು ಬೇಕು ಎಂದಾಯಿತಲ್ಲ ಎನ್ನಬಹುದು. ಬೇಕು, ನಾನೂ ಒಪ್ಪುತ್ತೇನೆ. ಶಾಂತ ಸ್ವಭಾವದವನಿಗೆ ಸಿಟ್ಟೇ ಬರುವುದಿಲ್ಲ ಎಂದು ಯಾರೂ ಹೇಳಿಲ್ಲ. ದಿನಾ ಕೂಗುವವನ ಕೂಗಿಗೆ ಹುಡುಗರ ಕಿವಿ ಒಂದು ತಿಂಗಳಲ್ಲಿ ಮರಗಟ್ಟುತ್ತದೆ. ವರ್ಷಕ್ಕೊಮ್ಮೆ ದನಿ ಏರಿಸಿದವನ ಮಾತು ನಾಟುತ್ತದೆ, ಏಕೆಂದರೆ ಏನೋ ನಿಜವಾಗಿ ಕೆಟ್ಟಿದೆ ಎಂದು ಅದು ತಿಳಿಸುತ್ತದೆ.

ಮೆದು ಮಾತಿನವನು ಸಡಿಲು ಮನುಷ್ಯ ಎಂಬ ಎಣಿಕೆಯನ್ನು ಮುರಿಯಲು ಬಿಲ್ ಸ್ನೈಡರ್ ಒಬ್ಬರೇ ಸಾಕು. 1989ರಲ್ಲಿ ಅವರು ಕ್ಯಾನ್ಸಸ್ ಸ್ಟೇಟ್‌ಗೆ ಬಂದಾಗ ಆ ತಂಡ 27 ಪಂದ್ಯಗಳಿಂದ ಒಂದನ್ನೂ ಗೆದ್ದಿರಲಿಲ್ಲ. ಮೊದಲ ವರ್ಷ ಬಂದದ್ದು ಒಂದೇ ಗೆಲುವು. 1998ರ ಹೊತ್ತಿಗೆ ಅದೇ ತಂಡ ಸತತ ಹನ್ನೊಂದು ಪಂದ್ಯ ಗೆದ್ದು ರಾಷ್ಟ್ರೀಯ ಪ್ರಶಸ್ತಿಯ ಹೊಸ್ತಿಲಲ್ಲಿತ್ತು. ಸ್ನೈಡರ್ ಪಿಸುದನಿಯ ಮನುಷ್ಯ. ಚೆನ್ನಾಗಿ ಆಡಿದ ಎದುರಾಳಿ ತಂಡದ ಹುಡುಗರಿಗೂ ಕೈಯಾರೆ ಪತ್ರ ಬರೆಯುತ್ತಿದ್ದವರು. ಆದರೆ ಅವರ ಕೈಕೆಳಗೆ ದುಡಿದ ಸಹಾಯಕರಿಗೆ ರಾತ್ರಿ ಹಗಲೆಂಬುದಿರಲಿಲ್ಲ. ಸಣ್ಣ ತಪ್ಪನ್ನೂ ಅವರು ಬಿಡುತ್ತಿರಲಿಲ್ಲ. ಬಿಗಿ ಇದ್ದದ್ದು ಕೆಲಸದಲ್ಲಿ.

ಸೌಮ್ಯತೆಗೆ ಅಪಾಯ ಇರುವುದು ಬೇರೆ ಕಡೆ. 1995ರಲ್ಲಿ ಆಸ್ಬೋರ್ನ್ ತಂಡದ ಪ್ರಮುಖ ಆಟಗಾರನೊಬ್ಬ ತನ್ನ ಹಿಂದಿನ ಗೆಳತಿಯ ಮೇಲೆ ಹಲ್ಲೆ ಮಾಡಿದ. ಆರು ಪಂದ್ಯಗಳ ಅಮಾನತಿನ ನಂತರ ಆಸ್ಬೋರ್ನ್ ಅವನನ್ನು ಮತ್ತೆ ಆಡಿಸಿದರು. ತಂಡ ಬಿಟ್ಟರೆ ಹುಡುಗ ಪೂರ್ತಿ ಹಾಳಾಗುತ್ತಾನೆ ಎಂಬುದು ಅವರ ಸಮಜಾಯಿಷಿ. ದೇಶವೆಲ್ಲ ಟೀಕಿಸಿತು, ಟೀಕೆ ನ್ಯಾಯವಾಗಿತ್ತು. ಏಟು ತಿಂದವಳ ಕಡೆಯಿಂದ ನೋಡಿದರೆ ಆ ಕರುಣೆ ತಪ್ಪು ಜಾಗಕ್ಕೆ ಹೋಗಿತ್ತು. ಒಹಾಯೊ ಸ್ಟೇಟ್‌ಗೆ 2002ರ ಪ್ರಶಸ್ತಿ ತಂದ ಶಾಂತ ಮುಖದ ಜಿಮ್ ಟ್ರೆಸೆಲ್ ತಮ್ಮ ಆಟಗಾರರ ನಿಯಮಭಂಗ ಗೊತ್ತಿದ್ದೂ ವಿಶ್ವವಿದ್ಯಾಲಯಕ್ಕೆ ತಿಳಿಸದೆ 2011ರಲ್ಲಿ ರಾಜೀನಾಮೆ ಕೊಡಬೇಕಾಯಿತು. ಇವು ಸಣ್ಣ ದೋಷಗಳಲ್ಲ. ಆದರೆ ಹೆದರಿಕೆಯ ದಾರಿ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹತ್ತೊಂಬತ್ತರ ಆಟಗಾರನೊಬ್ಬ ಅಭ್ಯಾಸದ ಓಟದಲ್ಲಿ ಬಿಸಿಲಾಘಾತದಿಂದ ಕುಸಿದು, ಎರಡು ವಾರದ ಮೇಲೆ ತೀರಿಕೊಂಡ. ನಂತರದ ತನಿಖೆಯಲ್ಲಿ, ಆಟಗಾರರು ಬಾಯಿಬಿಟ್ಟು ಹೇಳಲು ಹೆದರುವ ವಾತಾವರಣ ತಂಡದಲ್ಲಿ ಬೆಳೆದಿದ್ದದ್ದು ದಾಖಲಾಯಿತು. ಕೈಲಾಗುತ್ತಿಲ್ಲ ಎಂದು ಹೇಳಲು ಹುಡುಗರಿಗೆ ಧೈರ್ಯವಿಲ್ಲದ ತಂಡದಲ್ಲಿ ಕೋಚ್‌ಗೆ ತಿಳಿಯಲೇಬೇಕಾದ ಸುದ್ದಿ ತಿಳಿಯುವುದೇ ಇಲ್ಲ.

ಇತ್ತೀಚೆಗೆ ನಿಯಮಗಳೇ ಈ ಚರ್ಚೆಯ ಸ್ವರೂಪ ಬದಲಿಸಿವೆ. ಹಿಂದೆ ಕಾಲೇಜು ಬದಲಿಸಿದ ಆಟಗಾರ ಒಂದು ವರ್ಷ ಬೆಂಚಿನಲ್ಲಿ ಕೂರಬೇಕಿತ್ತು. ಹಾಗಾಗಿ ಬೈಗುಳ ನುಂಗಿಕೊಂಡು ಇದ್ದಲ್ಲೇ ಉಳಿಯುತ್ತಿದ್ದ. 2021ರಿಂದ ಒಮ್ಮೆ, 2024ರಿಂದ ಎಷ್ಟು ಸಲ ಬೇಕಾದರೂ, ಓದಿನ ಷರತ್ತು ಪೂರೈಸಿದರೆ ಕೂಡಲೇ ಬೇರೆ ಕಡೆ ಹೋಗಿ ಆಡಬಹುದು. 2021ರ ಜುಲೈಯಿಂದ ತಮ್ಮ ಹೆಸರಿನ ಮೇಲೆ ಹಣ ಗಳಿಸಲೂ ಅವಕಾಶವಿದೆ. ಇಷ್ಟಾದ ಮೇಲೆ ಹುಡುಗರು ಹಣ ನೋಡುತ್ತಾರೆಯೇ ಹೊರತು ಕೋಚ್‌ನ ಸ್ವಭಾವವನ್ನಲ್ಲ ಎನ್ನುವವರಿದ್ದಾರೆ. ಹಣ ನೋಡುತ್ತಾರೆ, ನಿಜ. ಆದರೆ ಎರಡು ಕಡೆಯಿಂದ ಹೆಚ್ಚುಕಡಿಮೆ ಅಷ್ಟೇ ಹಣ ಬಂದಾಗ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಬೇರೆ: ನಮ್ಮ ಮಗನಿಗೆ ಅಲ್ಲಿ ಯಾರು ಕಲಿಸುತ್ತಾರೆ, ಪೆಟ್ಟಾದಾಗ ಅವನ ಮಾತನ್ನು ಯಾರು ಕೇಳುತ್ತಾರೆ? ಪ್ರತಿ ಚಳಿಗಾಲ ಸಾವಿರಾರು ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ. ಆ ಮನೆಗಳಿಗೆ ಹೋಗಿ ಕೂತು ಉತ್ತರ ಹೇಳಬೇಕಾದವನು ಕೋಚ್ ತಾನೇ. ಅಲ್ಲಿ ಕೂಗಿ ಪ್ರಯೋಜನವಿಲ್ಲ.