ಕಡಲ ಕೇರಿಯ ನಾಳೆಯನ್ನು ಬರೆಯುವವರು ಯಾರು?

(ಕರಾವಳಿ ವಲಯದ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನಮ್ಮ ಸಂಸ್ಥೆಯ ಕಾರ್ಯಕರ್ತರು ನೀಡಿದ ಮಾಹಿತಿಯ ಬರಹರೂಪ)



ಬೆಳಿಗ್ಗೆ ದಕ್ಕೆಗೆ ಹೋಗಿ, ಮೀನು ಮಾರಿ, ಮನೆಗೆ ಬಂದು ಅಡಿಗೆ ಮುಗಿಸಿ ಇಲ್ಲಿಗೆ ಬಂದವರೇ ಹೆಚ್ಚಿನವರು. ಆದ್ದರಿಂದ ದೊಡ್ಡ ಭಾಷಣ ಮಾಡುವುದಿಲ್ಲ. ಉಳಿತಾಯ, ಸಾಲ, ಮರುಪಾವತಿ ಇದನ್ನೆಲ್ಲ ವಾರ ವಾರ ಮಾತಾಡ್ತೇವೆ. ಇವತ್ತಿನ ವಿಷಯ ಬೇರೆ. ನಾವು ಇರುವ ಕೇರಿ ಇನ್ನು ಹತ್ತು ವರ್ಷಕ್ಕೆ ಹೇಗಿರಬೇಕು, ಅದನ್ನು ತೀರ್ಮಾನ ಮಾಡುವವರು ಯಾರು ಎಂಬುದು.

ಮೊದಲಿಗೆ ನಮ್ಮದೇ ಒಂದು ತಪ್ಪನ್ನು ಹೇಳಿಬಿಡ್ತೇವೆ. ಕೆಲವು ವರ್ಷದ ಹಿಂದೆ ಒಂದು ಕಡಲ ಕೇರಿಯಿಂದ ಪಂಚಾಯತಿಗೆ ಬೇಡಿಕೆ ಪಟ್ಟಿ ಕೊಡಬೇಕಿತ್ತು. ಸಮಯ ಇರಲಿಲ್ಲ. ನಾವು ಆಫೀಸಿನಲ್ಲಿ ಕೂತು, ಸಂಘದ ನಾಲ್ಕು ಜನ ಪ್ರತಿನಿಧಿಗಳಿಗೆ ಫೋನ್ ಮಾಡಿ, ಪಟ್ಟಿ ತಯಾರಿಸಿದೆವು. ಕಾಂಕ್ರೀಟ್ ರಸ್ತೆ, ಬೀದಿದೀಪ, ಕಡಲ್ಕೊರೆತಕ್ಕೆ ಕಲ್ಲಿನ ದಂಡೆ. ಎಲ್ಲರೂ ಸಹಿ ಹಾಕಿದರು. ಯಾರೂ ಬೇಡ ಅನ್ನಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ದಂಡೆ ಬಂತು. ಕೇರಿಯ ಈ ತುದಿಯಿಂದ ಆ ತುದಿವರೆಗೆ, ಒಂದೇ ಒಂದು ಸಂದು ಬಿಡದೆ ಬಂಡೆಗಲ್ಲು. ಮನೆಗಳು ಉಳಿದವು, ಇಲ್ಲ ಅನ್ನುವುದಿಲ್ಲ. ಆದರೆ ನಾಡದೋಣಿ ಎಳೆದು ತರುವುದು ಎಲ್ಲಿ? ಮೀನು ಒಣಗಿಸುವುದು ಎಲ್ಲಿ? ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ಹೆಂಗಸರು ಬಂಡೆಯಿಂದ ಬಂಡೆಗೆ ಕಾಲಿಡಬೇಕಾಯ್ತು. ಒಬ್ಬರು ಅಜ್ಜಿ ನಮ್ಮನ್ನೇ ಕೇಳಿದರು: "ಪಟ್ಟಿ ಬರೆಯುವಾಗ ನನ್ನನ್ನು ಯಾಕೆ ಕೇಳಲಿಲ್ಲ ಮಗಾ? ದೋಣಿಗೆ ದಾರಿ ಬಿಡಿ ಅಂತ ಹೇಳ್ತಿದ್ದೆ." ಉತ್ತರ ನಮ್ಮ ಹತ್ತಿರ ಇರಲಿಲ್ಲ.

ಕಲ್ಲಿನ ದಂಡೆಯೇ ಕೆಟ್ಟದ್ದು ಅಂತ ನಾವು ಹೇಳುವುದಿಲ್ಲ. ಜುಲೈ ತಿಂಗಳ ರಾತ್ರಿ ತೆರೆ ಅಂಗಳಕ್ಕೆ ಬಂದವರಿಗೆ ಮಾತ್ರ ಗೊತ್ತು ಆ ಹೆದರಿಕೆ. ಆದರೆ ಕಡಲಿನ ಒಂದು ಗುಣ ನೀವು ನೋಡಿದ್ದೀರಿ. ತೆರೆ ಕಲ್ಲಿಗೆ ಬಡಿದು ಹಿಂದೆ ಹೋಗುವಾಗ ಎದುರಿನ ಹೊಯಿಗೆಯನ್ನು ಎಳೆದುಕೊಂಡು ಹೋಗ್ತದೆ. ದಂಡೆ ಮುಗಿಯುವ ಕಡೆ, ಅಂದರೆ ಪಕ್ಕದ ಕೇರಿಯಲ್ಲಿ, ಕೊರೆತ ಜಾಸ್ತಿಯಾಗ್ತದೆ. ಹೊಯಿಗೆ ದಡದ ಉದ್ದಕ್ಕೂ ನಡೆಯುವಂಥದ್ದು. ಅದರ ದಾರಿಗೆ ಅಡ್ಡ ಕಟ್ಟಿದರೆ ಒಂದು ಕಡೆ ತುಂಬ್ತದೆ, ಇನ್ನೊಂದು ಕಡೆ ಖಾಲಿಯಾಗ್ತದೆ. ನೇತ್ರಾವತಿ ಅಳಿವೆಬಾಗಿಲಿನಲ್ಲಿ ತಡೆಗೋಡೆ ಕಟ್ಟಿದ ಮೇಲೆ ತಮ್ಮ ಕಡೆ ಕೊರೆತ ಹೆಚ್ಚಾಯ್ತು ಎಂದು ಉಳ್ಳಾಲದವರು ಹೇಳುತ್ತಲೇ ಬಂದಿದ್ದಾರೆ. ಹಾಗಾಗಿ ಒಂದು ಕೇರಿಯ ಯೋಜನೆ ಅಂದರೆ ಪಕ್ಕದ ಕೇರಿಯವರನ್ನೂ ಕರೆದು ಕೂರಿಸಿ ಮಾಡುವ ಯೋಜನೆ. ಇದು ಇಂಜಿನಿಯರುಗಳ ಕೆಲಸ ಹೌದು. ಆದರೆ ಯಾವ ವರ್ಷ ಕಡಲು ಎಲ್ಲಿವರೆಗೆ ಬಂದಿತ್ತು ಅನ್ನುವುದು ಇಂಜಿನಿಯರರಿಗಿಂತ ಕೇರಿಯ ಅಜ್ಜಿಗೆ ಚೆನ್ನಾಗಿ ಗೊತ್ತು.

ಕೇಳದೆ ಮಾಡಿದ ಅಭಿವೃದ್ಧಿಯನ್ನು ನಮ್ಮ ಕರಾವಳಿ ಹಿಂದೆಯೂ ಕಂಡಿದೆ. ನಿಮ್ಮಲ್ಲಿ ಹಿರಿಯರಿಗೆ ರಂಪಣಿ ನೆನಪಿರಬಹುದು. ಊರಿಗೆ ಊರೇ ಸೇರಿ ಬಲೆ ಎಳೆಯುವುದು, ಎಲ್ಲರಿಗೂ ಪಾಲು, ಬೂತಾಯಿ ಬಂಗುಡೆ ರಾಶಿ ಬಿದ್ದರೆ ಉಪ್ಪು ಹಾಕಿ ಒಣಗಿಸುವ ಕೆಲಸ ಹೆಂಗಸರದ್ದು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು, ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಹೆಚ್ಚುಕಡಿಮೆ ನಿಂತೇ ಹೋಯ್ತು. ಮೀನು ದಡ ಬಿಟ್ಟು ದಕ್ಕೆಗೆ ಹೋಯ್ತು. ಬೋಟು ಬೇಡಿತ್ತು ಅಂತ ಅಲ್ಲ. ಆ ಬದಲಾವಣೆ ಆಗುವಾಗ ದಡದಲ್ಲಿ ಮೀನು ಒಣಗಿಸುತ್ತಿದ್ದವರ ಗತಿ ಏನು ಎಂದು ಅವರನ್ನು ಕೂರಿಸಿ ಕೇಳಿದವರು ಯಾರು?

ಇನ್ನೊಂದು ಉದಾಹರಣೆ ತಮಿಳುನಾಡಿನದ್ದು. 2004ರ ಡಿಸೆಂಬರ್ 26ರ ಸುನಾಮಿಯ ನಂತರ, 2005ರ ಮಾರ್ಚ್ 30ರಂದು ಅಲ್ಲಿನ ಸರಕಾರ ಒಂದು ಆದೇಶ ಹೊರಡಿಸಿತು. ಕಡಲಿನಿಂದ 200 ಮೀಟರ್ ಒಳಗೆ ಇದ್ದವರು ದೂರ ಹೋಗಲು ಒಪ್ಪಿದರೆ ಹೊಸ ಮನೆ ಉಚಿತ, ಆದರೆ ಹಳೆಯ ಜಾಗ ಬಿಟ್ಟುಕೊಡಬೇಕು. ಅಲ್ಲೇ ಉಳಿಯುತ್ತೇವೆ ಅಂದವರು ತಮ್ಮ ಮನೆ ತಾವೇ ದುರಸ್ತಿ ಮಾಡಿಕೊಳ್ಳಬೇಕು. ಮನೆಯೇ ಹೋದವರಿಗೆ ಇದು ಎಂಥ ಆಯ್ಕೆ ಅಂತ ಯೋಚಿಸಿ. ಸೂರು ಬೇಕೋ, ಕಡಲು ಬೇಕೋ? ನಾಳೆ ಇಂಥ ಪ್ರಶ್ನೆ ನಮ್ಮ ಕೇರಿಗೂ ಬರಬಹುದು. ಬಂದಾಗ ಗಾಬರಿಯಲ್ಲಿ ಉತ್ತರ ಕೊಡುವುದಕ್ಕಿಂತ ಈಗಲೇ ಕೂತು ಮಾತಾಡುವುದು ಲೇಸು. 2022ರ ಜನವರಿಯಲ್ಲಿ ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಬಂದರಿನ ರಸ್ತೆ ಕಾಮಗಾರಿ ವಿರುದ್ಧ ಮೀನುಗಾರರ ಜೊತೆ ಹೆಂಗಸರೂ ಪ್ರತಿಭಟನೆಗೆ ಇಳಿದದ್ದನ್ನು ನೀವು ಪೇಪರಿನಲ್ಲಿ ಓದಿರಬಹುದು. ಜೆಸಿಬಿ ಬಂದ ದಿನ ಮಾತಾಡುವುದು ಬಹಳ ಕಷ್ಟ.

ಕಡಲ ಬದಿಯವರಿಗೆ ಸಿ.ಆರ್.ಝಡ್. ಎಂಬ ಶಬ್ದ ಹೊಸತಲ್ಲ. ಮನೆ ಕಟ್ಟಲು ಅರ್ಜಿ ಕೊಟ್ಟಾಗೆಲ್ಲ ಕೇಳಿದ್ದೇವೆ. ಈ ನಿಯಮ ಮೊದಲು ಬಂದದ್ದು 1991ರಲ್ಲಿ, ಆಮೇಲೆ 2011ರಲ್ಲಿ ಬದಲಾಯ್ತು, ಪುನಃ 2019ರ ಜನವರಿಯಲ್ಲಿ. ಮೊದಲೆಲ್ಲ ಹಳ್ಳಿ ಪ್ರದೇಶದಲ್ಲಿ ಭರತದ ಗೆರೆಯಿಂದ 200 ಮೀಟರ್ ತನಕ ಹೊಸ ಕಟ್ಟಡ ನಿಷೇಧ ಎಂದು ಇತ್ತು. 2019ರ ನಿಯಮದ ಪ್ರಕಾರ 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇರುವ ಕಡೆ ಆ 200 ಮೀಟರ್ 50ಕ್ಕೆ ಇಳಿಯುತ್ತದೆ. ಜನ ಕಡಿಮೆ ಇರುವಲ್ಲಿ 200 ಹಾಗೆಯೇ ಇರ್ತದೆ. ಸ್ಥಳೀಯರು ತಮ್ಮ ವಾಸಕ್ಕೆ 300 ಚದರ ಮೀಟರ್ ಒಳಗಿನ ಮನೆ ಕಟ್ಟುವುದಾದರೆ, ನಿಯಮ ಒಪ್ಪುವ ಜಾಗದಲ್ಲಿ, ಸ್ಥಳೀಯ ಸಂಸ್ಥೆಯೇ ಅನುಮತಿ ಕೊಡಬಹುದು.

ಕೇಳಿದರೆ ಖುಷಿಯಾಗ್ತದೆ, ಅಲ್ವಾ? ಮಗನಿಗೆ ಪಕ್ಕದಲ್ಲೇ ಒಂದು ಮನೆ ಕಟ್ಟಬಹುದು. ಆದರೆ ಗೆರೆ ಹತ್ತಿರ ಬಂದರೆ ನಮಗೆ ಮಾತ್ರ ಬರುವುದಲ್ಲ, ರೆಸಾರ್ಟಿನವರಿಗೂ ಬರ್ತದೆ. ಇಲ್ಲಿಯವರೆಗೆ ಯಾರಿಗೂ ಬೇಡವಾಗಿದ್ದ ಹೊಯಿಗೆ ಜಾಗಕ್ಕೆ ಬೆಲೆ ಬರ್ತದೆ. ಹಕ್ಕುಪತ್ರ ಸರಿ ಇಲ್ಲದ ಮನೆಗಳು ಮೊದಲು ಕಷ್ಟಕ್ಕೆ ಸಿಗುವುದು ಆಗಲೇ. ಮೀನು ಒಣಗಿಸುವ ಜಾಗಕ್ಕೆ ಹಕ್ಕುಪತ್ರ ಯಾರಲ್ಲಿ ಉಂಟು? ಅಜ್ಜಿಯ ಕಾಲದಿಂದ ಒಣಗಿಸಿದ್ದೇವೆ ಎಂಬುದೇ ನಮ್ಮ ದಾಖಲೆ. ಅದು ಯಾವ ನಕ್ಷೆಯಲ್ಲೂ ಇಲ್ಲದಿದ್ದರೆ ನಾಳೆ ಬಂದವರು ಖಾಲಿ ಜಾಗ ಅಂತಲೇ ಬರೆದುಕೊಳ್ತಾರೆ.

ಈ ನಿಯಮದಲ್ಲಿಯೇ ಕರಾವಳಿ ನಿರ್ವಹಣಾ ಯೋಜನೆಯ ನಕ್ಷೆ ಮಾಡಬೇಕು, ಜನರ ಅಭಿಪ್ರಾಯ ಕೇಳಬೇಕು ಎಂದು ಇದೆ. ಹಾಗೆ ಸಮಾಲೋಚನೆ ಮಾಡಿ ಯೋಜನೆಗೆ ಒಪ್ಪಿಗೆ ಆಗುವವರೆಗೆ 50 ಮೀಟರ್ ಲೆಕ್ಕ ಹಿಡಿಯುವ ಹಾಗಿಲ್ಲ. ಕೇಳುವುದು ಯಾರದೋ ದೊಡ್ಡಗುಣ ಅಲ್ಲ, ಕ್ರಮವೇ ಹಾಗೆ. ಊರ ಮಟ್ಟದ ನಕ್ಷೆಯಲ್ಲಿ ಸರ್ವೆ ನಂಬ್ರದ ಗೆರೆಗಳೂ ಕಾಣಬೇಕು. ಆ ನಕ್ಷೆಯಲ್ಲಿ ನಮ್ಮ ಮನೆ, ದೋಣಿ ಎಳೆಯುವ ಜಾಗ, ಮೀನಿನ ಚಪ್ಪರ ಕಾಣ್ತದಾ ಅಂತ ನೋಡಿದ್ದೀರಾ? ನೋಡಿದವರು ಕೈ ಎತ್ತಿ ಅಂದರೆ ಇಲ್ಲಿ ಎಷ್ಟು ಕೈ ಏಳಬಹುದು ಎಂದು ನಮಗೆ ಗೊತ್ತು. ನಾವೂ ಮೊದಲು ನೋಡಿರಲಿಲ್ಲ.

ಇನ್ನು ಪಂಚಾಯತಿನ ವಿಷಯ. ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಪಂಚಾಯತಿನಲ್ಲಿ ಮೀಸಲಾತಿ 1987ರ ಚುನಾವಣೆಯಿಂದಲೇ ಉಂಟು, 2010ರಿಂದ ಅರ್ಧದಷ್ಟು ಸ್ಥಾನ. ಸ್ಥಾನ ಸಿಕ್ಕಿತು, ಸಭೆಗೆ ಹೋಗುವುದು ಮಾತ್ರ ಇನ್ನೂ ಕಡಿಮೆ. ಆರು ತಿಂಗಳಿಗೆ ಒಮ್ಮೆಯಾದರೂ ವಾರ್ಡ್ ಸಭೆ ಆಗಬೇಕು. ಕೋರಂಗೆ ಹತ್ತನೇ ಒಂದು ಪಾಲು ಅಥವಾ 20 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸಾಕು. ಬಂದವರಲ್ಲಿ ನೂರಕ್ಕೆ 30 ಹೆಂಗಸರು ಇರಬೇಕು. ಲೆಕ್ಕ ಹಾಕಿ: ನಮ್ಮ ಎರಡು ಸಂಘ ಒಟ್ಟಿಗೆ ಹೋದರೆ ಕೋರಂ ನಾವೇ! ವಾರ್ಡಿನ ಬೇಡಿಕೆ ಗ್ರಾಮಸಭೆಗೆ ಹೋಗ್ತದೆ, ಅಲ್ಲಿಂದ 'ನಮ್ಮ ಗ್ರಾಮ ನಮ್ಮ ಯೋಜನೆ'ಗೆ. ಸಂಜೀವಿನಿ ಒಕ್ಕೂಟದಲ್ಲಿ ಇರುವವರು ತಮ್ಮ ಬೇಡಿಕೆಯ ಪಟ್ಟಿಯನ್ನು ಪಂಚಾಯತ್ ಯೋಜನೆಗೆ ಸೇರಿಸಲು ಕೊಡುವ ಕ್ರಮವೂ ಉಂಟು.

ಆದರೆ ಸಭೆ ಇಡುವುದು ಬೆಳಿಗ್ಗೆ ಹನ್ನೊಂದಕ್ಕೆ. ಆಗ ಮೀನು ಮಾರುವವರು ಮಾರ್ಕೆಟಿನಲ್ಲಿ. ಇದನ್ನು ನಾವು ಎಷ್ಟೋ ಕಡೆ ಹೇಳಿದ್ದೇವೆ, "ಹೆಂಗಸರು ಬರುವುದಿಲ್ಲ" ಎಂದು ಬರೆದುಕೊಳ್ಳುವ ಮೊದಲು ಗಡಿಯಾರ ನೋಡಿ ಅಂತ. ವಾರ್ಡ್ ಸದಸ್ಯರಿಗೆ ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೊಡಿ: ಸಾಯಂಕಾಲ ನಾಲ್ಕಕ್ಕೆ ಇಡಿ, ಕೇರಿಯಲ್ಲೇ ಇಡಿ. ಜೂನ್, ಜುಲೈಯಲ್ಲಿ ಬೋಟುಗಳಿಗೆ 61 ದಿನದ ರಜೆ ಇರ್ತದೆ, ಗಂಡಸರೂ ಮನೆಯಲ್ಲಿರ್ತಾರೆ. ಮಾತಾಡಲು ಅದು ಒಳ್ಳೆಯ ಸಮಯ, ಕಡಲು ಎಲ್ಲಿ ಕೊರೆಯುತ್ತದೆ ಅಂತ ಕಣ್ಣಿಗೇ ಕಾಣುವ ಸಮಯವೂ ಅದೇ.

ತಪ್ಪು ಮಾಡಿದ ಆ ಕೇರಿಗೆ ನಾವು ಪುನಃ ಹೋದೆವು. ಈ ಸಲ ಪಟ್ಟಿ ತೆಗೆದುಕೊಂಡು ಹೋಗಲಿಲ್ಲ, ರಂಗೋಲಿ ಹುಡಿ ತೆಗೆದುಕೊಂಡು ಹೋದೆವು. ಒಬ್ಬರ ಅಂಗಳದಲ್ಲಿ ಕೇರಿಯ ನಕ್ಷೆ ಬಿಡಿಸಿ ಎಂದೆವು. ಮೊದಲು ನಗು. ಆಮೇಲೆ ಒಬ್ಬೊಬ್ಬರೇ ಕೂತರು. ಗಂಡಸರು ಬಿಡಿಸಿದ್ದು ರಸ್ತೆ, ದೋಣಿ ನಿಲ್ಲಿಸುವ ಜಾಗ, ಡೀಸೆಲ್ ಸಿಗುವ ಅಂಗಡಿ. ಹೆಂಗಸರ ನಕ್ಷೆಯಲ್ಲಿ ಬಾವಿಗಳು ಬಂದವು. ಯಾವ ಬಾವಿಗೆ ಉಪ್ಪುನೀರು ಬಂದಿದೆ, ಯಾವುದು ಏಪ್ರಿಲ್ ತನಕ ಸಿಹಿ, ಅದಕ್ಕೆ ಬೇರೆ ಬೇರೆ ಬಣ್ಣ. ಕತ್ತಲೆಯಾದ ಮೇಲೆ ಹೆಣ್ಣುಮಕ್ಕಳು ನಡೆಯಲು ಹೆದರುವ ಗಾಳಿಮರದ ತೋಪು ಬಂತು. ಮೀನಿನ ಬುಟ್ಟಿ ಇದ್ದರೆ ಬಸ್ಸು ನಿಲ್ಲಿಸದ ಸ್ಟಾಪು ಬಂತು! ಮಕ್ಕಳು ಬಂದು ಮಳೆಗಾಲದಲ್ಲಿ ನೀರು ನಿಲ್ಲುವ ಶಾಲೆಯ ದಾರಿ ತೋರಿಸಿದರು. ಮಕ್ಕಳ ಮಾತನ್ನು ಬದಿಗೆ ಹಾಕಬೇಡಿ, ಕುಂದಾಪುರ ತಾಲೂಕಿನ ಕೆಲವು ಪಂಚಾಯತುಗಳಲ್ಲಿ ಮಕ್ಕಳೇ ಸಮೀಕ್ಷೆ ಮಾಡಿ ಯೋಜನೆಗೆ ಬೇಡಿಕೆ ಕೊಟ್ಟದ್ದುಂಟು. ಕೊನೆಗೆ ಆ ಅಜ್ಜಿ ಎದ್ದು, ಇದ್ದಿಲಿನಿಂದ ಒಂದು ಗೆರೆ ಎಳೆದರು. ತಾವು ಮದುವೆಯಾಗಿ ಬಂದಾಗ ಕಡಲು ಇದ್ದದ್ದು ಅಲ್ಲಿ. ಈಗಿನ ಗೆರೆಗೂ ಅದಕ್ಕೂ ನಡುವೆ ಎರಡು ಸಾಲು ತೆಂಗಿನಮರ, ಒಂದು ಬಾವಿ. ಅಂಗಳ ಸ್ವಲ್ಪ ಹೊತ್ತು ಸುಮ್ಮನಾಯ್ತು.

ಜಗಳವೂ ಆಯ್ತು, ಮುಚ್ಚಿಡುವುದಿಲ್ಲ. ಕಡಲ ಬದಿಯ ಸಾಲಿನವರಿಗೆ ದಂಡೆ ಇನ್ನೂ ಎತ್ತರ ಆಗಬೇಕು. ಹಿಂದಿನ ಸಾಲಿನವರಿಗೆ ದೋಣಿಗೆ ದಾರಿ ಬೇಕು. ಹೋಂಸ್ಟೇ ಮಾಡುವ ಆಸೆ ಇರುವ ಒಂದಿಬ್ಬರು ಮೀನಿನ ವಾಸನೆ ಬೇಡ ಅಂದರು. "ನಿನ್ನನ್ನು ಓದಿಸಿದ್ದು ಇದೇ ವಾಸನೆ ಮಾರಾಯ್ತಿ" ಅಂತ ಯಾರೋ ಹೇಳಿದರು. ಎಲ್ಲರೂ ನಕ್ಕರು, ಆದರೆ ಮಾತು ಮುಗಿಯಲಿಲ್ಲ. ಮೂರು ಸಭೆ ಬೇಕಾಯ್ತು. ಒಂದೇ ದಿನದಲ್ಲಿ ಎಲ್ಲರೂ ಒಪ್ಪಿದ ಪಟ್ಟಿ ಬಂದರೆ ಅನುಮಾನ ಪಡಿ, ಯಾರೋ ಮಾತಾಡಲಿಲ್ಲ ಅಂತ ಅರ್ಥ. ಹೆಚ್ಚಾಗಿ ಮಾತಾಡದವರು ವಿಧವೆಯರು, ಬಾಡಿಗೆ ಮನೆಯವರು, ಬೇರೆ ಊರಿನಿಂದ ದುಡಿಯಲು ಬಂದವರು.

ಬೈಬಲಿನಲ್ಲಿ ನೆಹೆಮೀಯನ ಕತೆ ಉಂಟು. ಅರಸನ ಪತ್ರ ಹಿಡಿದು ಜೆರುಸಲೇಮಿಗೆ ಬಂದವನು ಬಂದ ಕೂಡಲೇ ಆಜ್ಞೆ ಮಾಡಲಿಲ್ಲ. ರಾತ್ರಿ ಹೋಗಿ ಬಿದ್ದ ಗೋಡೆಯನ್ನು ಕಣ್ಣಾರೆ ನೋಡಿದ, ಆಮೇಲೆ ಜನರನ್ನು ಕರೆದ. ಎಷ್ಟೋ ಮಂದಿ ತಮ್ಮ ಮನೆಯ ಎದುರಿನ ಭಾಗವನ್ನು ತಾವೇ ಕಟ್ಟಿದರು. ಗೋಡೆ ಮುಗಿದದ್ದು 52 ದಿನದಲ್ಲಿ. ಕಟ್ಟಿದವರ ಪಟ್ಟಿಯಲ್ಲಿ ಶಲ್ಲೂಮನ ಹೆಣ್ಣುಮಕ್ಕಳೂ ಇದ್ದಾರೆ, ಇದನ್ನು ಓದುವಾಗ ನಾವು ಸಾಧಾರಣವಾಗಿ ದಾಟಿ ಹೋಗ್ತೇವೆ. ಪೋಪ್ ಫ್ರಾನ್ಸಿಸರು 2015ರಲ್ಲಿ ಪರಿಸರದ ಬಗ್ಗೆ ಬರೆದ ವಿಶ್ವಪತ್ರದಲ್ಲಿಯೂ ಇಂಥ ಚರ್ಚೆಗಳಲ್ಲಿ ಅಲ್ಲಿಯೇ ವಾಸಿಸುವ ಜನರಿಗೆ ವಿಶೇಷ ಸ್ಥಾನ ಇರಬೇಕು ಎಂದಿದ್ದಾರೆ. ಯಾವ ಧರ್ಮದ ಸಹೋದರಿಯಾದರೂ ಕಡಲಿನ ಎದುರು ನಾವೆಲ್ಲ ಒಂದೇ ಕೇರಿಯವರು.

ಒಂದು ಕೆಲಸದ ಮಾತು. ಸಭೆಯಲ್ಲಿ ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆಯುವ ತನಕ ಏಳಬೇಡಿ. ಬರೆದದ್ದನ್ನು ಗಟ್ಟಿಯಾಗಿ ಓದಿಸಿ. ಪ್ರತಿ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ, ಬಿ.ಪಿ.ಎಲ್. ಕಾರ್ಡ್ ಇದ್ದರೆ ಶುಲ್ಕ ಇಲ್ಲ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಶಬ್ದದ ಒಳಗೆ ಬರೆಯಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಎಸ್ಸೆಸ್ಸೆಲ್ಸಿ ಓದುವ ಮಗಳು ಬರೆಯಬಲ್ಲಳು.

ಆ ಕೇರಿಯಲ್ಲಿ ಅಂಗಳದ ನಕ್ಷೆಯನ್ನು ದೊಡ್ಡ ಕಾಗದಕ್ಕೆ ಇಳಿಸಿ ವಾರ್ಡ್ ಸಭೆಗೆ ತೆಗೆದುಕೊಂಡು ಹೋದರು. ದಂಡೆಯಲ್ಲಿ ದೋಣಿಗೆ ಮತ್ತು ಬುಟ್ಟಿ ಹೊತ್ತವರಿಗೆ ಮೂರು ಕಡೆ ದಾರಿ ಬಿಡಿಸಬೇಕು ಎಂದು ಬರೆಸಿದರು. ಮೀನು ಒಣಗಿಸುವ ಜಾಗವನ್ನು ಖಾಲಿ ಜಾಗ ಅಂತ ತೋರಿಸಬಾರದು ಎಂದೂ ಬರೆಸಿದರು. ಎರಡು ಕಡೆ ಕಲ್ಲು ಸರಿಸಿ ದಾರಿಯಾಗಿದೆ. ಒಂದರಲ್ಲಿ ಮೆಟ್ಟಿಲು ಸ್ವಲ್ಪ ಎತ್ತರ, ಅಜ್ಜಿಗೆ ಹತ್ತಲು ಆಗುವುದಿಲ್ಲ. ಮೂರನೆಯದು ಇನ್ನೂ ನಡಾವಳಿ ಪುಸ್ತಕದಲ್ಲೇ ಉಂಟು. ಆ ಪುಟದ ಪ್ರತಿ ಸಂಘದ ಪೆಟ್ಟಿಗೆಯಲ್ಲಿ, ಪಾಸ್‌ಬುಕ್ಕಿನ ಜೊತೆ ಇಟ್ಟಿದ್ದಾರೆ. ಮುಂದಿನ ವಾರ್ಡ್ ಸಭೆಗೆ ಅದನ್ನು ಹಿಡಿದುಕೊಂಡು ಹೋಗುವವರು ಯಾರು ಎಂದು ಹೆಸರೂ ಬರೆದಾಗಿದೆ.

ನಿಮ್ಮ ಕೇರಿಗೆ ರಂಗೋಲಿ ಹುಡಿ ಬೇಕಾದರೆ ಈ ವಾರದ ಸಭೆಯಲ್ಲಿ ಪ್ರೇರಕಿಯವರಿಗೆ ಹೇಳಿ, ನಾವು ಬರ್ತೇವೆ.