ದೇಶದ ಬಲ ಬೀಜದ ಗಡಿಗೆಯಲ್ಲಿದೆ
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ದೇಶದ ಬಲವೆಂದರೆ ಸೈನ್ಯ, ಕಾರಖಾನೆ, ಅಣೆಕಟ್ಟು ಎಂದು ಎಣಿಸುತ್ತೇವೆ. ಅದು ಸುಳ್ಳಲ್ಲ. ಆದರೆ ಪೆಟ್ಟು ಬಿದ್ದ ಮೇಲೆ ಎದ್ದು ನಿಲ್ಲುವ ಶಕ್ತಿಯೂ ಬಲವೇ. 1965-66ರಲ್ಲಿ ಮಳೆ ಕೈಕೊಟ್ಟಾಗ ನಮ್ಮ ದೇಶ ಅಮೇರಿಕದ ಗೋದಿಯ ಹಡಗಿನ ದಾರಿ ಕಾಯಬೇಕಾಯಿತು. ಪ್ರಧಾನಿ ಲಾಲಬಹಾದ್ದೂರ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿರೆಂದು ಜನರನ್ನು ಕೇಳಿಕೊಂಡರು. ಅನ್ನಕ್ಕೆ ಪರರ ಮುಖ ನೋಡುವವನ ಮಾತಿಗೆ ಬೆಲೆ ಎಲ್ಲಿಯದು?

ನಮ್ಮ ಸೀಮೆಗೆ ಪೆಟ್ಟು ಎರಡು ಬಗೆಯಿಂದ ಬರುತ್ತದೆ. ಬೈಲಹೊಂಗಲ, ಸವದತ್ತಿಯ ಎರೆಹೊಲಗಳಿಗೆ ಮಳೆ ತಪ್ಪುವ ಭಯ. ರಾಮದುರ್ಗದ ದಂಡೆಗೆ ಮಲಪ್ರಭೆ ಏರುವ ಭಯ. ನವಿಲುತೀರ್ಥದ ಅಣೆಕಟ್ಟಿದೆ. ಆದರೂ 2019ರ ಆಗಸ್ಟಿನಲ್ಲಿ ಹೊಳೆ ಮನೆಗಳಿಗೆ ನುಗ್ಗಿತು. 2023ರಲ್ಲಿ ಬರ ಬಂತು. ಆದುದರಿಂದ ಮನೆಮನೆಯ ಸಿದ್ಧತೆಯೂ ಬೇಕು.

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ, ಬೀಜದ ಕಾಳನ್ನು ಬೇರೆ ಗಡಿಗೆಯಲ್ಲಿ ಬೂದಿ ಬೆರೆಸಿ ಇಡುತ್ತಿದ್ದರು. ಹಗೇವು ಹೋಗಿರಬಹುದು, ಆ ಬುದ್ಧಿ ಹೋಗಬಾರದು. ಹೈಬ್ರಿಡ್ ಬೀಜವನ್ನು ಹೀಗೆ ಇಟ್ಟು ಬಿತ್ತಲು ಬರದು. ಮಾಲದಂಡಿ ಜೋಳ, ಕಡಲೆಗಳನ್ನು ಇಡಬಹುದು. ಹೊಲದಲ್ಲಿರುವಾಗಲೇ ರೋಗವಿಲ್ಲದ, ತುಂಬಿದ ತೆನೆಗಳನ್ನು ಆರಿಸಿ ಬೇರೆ ಒಕ್ಕಿರಿ. ಚೆನ್ನಾಗಿ ಒಣಗಿಸಿರಿ. ಹೊಳೆದಂಡೆಯವರು ಅಟ್ಟದ ಮೇಲೆ ಇಡಿರಿ. ಒಂದು ಸಲ ಬಿತ್ತಿದ್ದು ಹೋದರೂ ಮತ್ತೆ ಬಿತ್ತುವಷ್ಟು ಇರಲಿ.

ಇಟ್ಟರೆ ಸಾಲದು, ಪರೀಕ್ಷಿಸಲೂ ಬೇಕು. 1824ರ ಅಕ್ಟೋಬರದಲ್ಲಿ ಗೆದ್ದ ಕಿತ್ತೂರು ಅದೇ ಡಿಸೆಂಬರದಲ್ಲಿ ಬಿದ್ದಿತು. ಕೋಟೆಯ ಮದ್ದಿನಲ್ಲಿ ಸಗಣಿ ಬೆರೆಸಿದ್ದರೆಂದು ಜನ ಇಂದಿಗೂ ಹೇಳುತ್ತಾರೆ. ಕಥೆಯಾದರೂ ಅದರಲ್ಲಿ ಪಾಠವಿದೆ: ಕೆಟ್ಟ ದಾಸ್ತಾನು ಇದ್ದೂ ಇಲ್ಲದಂತೆ.

ಬಿತ್ತನೆಗೆ ಹದಿನೈದು ದಿನ ಮೊದಲು 100 ಜೋಳದ ಕಾಳುಗಳನ್ನು ಆರಿಸದೆ ಎಣಿಸಿ ತೆಗೆಯಿರಿ. ಒದ್ದೆ ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟು ಸುತ್ತಿ, ಒಂದು ವಾರ ತೇವ ಆರದಂತೆ ನೋಡಿಕೊಳ್ಳಿರಿ. 75ಕ್ಕೆ ಕಡಿಮೆ ಮೊಳೆತರೆ ಆ ಕಾಳು ರೊಟ್ಟಿಗಿರಲಿ; ಬೇರೆ ಬೀಜ ಹುಡುಕಲು ಇನ್ನೂ ಸಮಯವಿರುತ್ತದೆ. ಮೊಳೆತರೆ, ಕಾಡಿಗೆ ರೋಗ ಬಾರದಂತೆ ಕಿಲೋ ಬೀಜಕ್ಕೆ 4 ಗ್ರಾಂ ಗಂಧಕದ ಪುಡಿ ಹಚ್ಚಿ ಬಿತ್ತಿರಿ. ಗಂಧಕ ಹಚ್ಚಿದ ಕಾಳನ್ನು ತಿನ್ನಬಾರದು, ದನಕ್ಕೂ ಹಾಕಬಾರದು.

ಒಬ್ಬನ ಗಡಿಗೆ ಒಡೆದರೆ ನೆರೆಯವನ ಗಡಿಗೆ ಆಸರೆಯಾಗಲಿ. ಹತ್ತು ಮನೆಯವರು ಕೂಡಿ, ಯಾರ ಬಳಿ ಯಾವ ಬೀಜ ಎಷ್ಟಿದೆಯೆಂದು ಬರೆದಿಟ್ಟುಕೊಳ್ಳಿರಿ. ಇಸಿದುಕೊಂಡವರು ಸುಗ್ಗಿಯಲ್ಲಿ ತಪ್ಪದೆ ಹಿಂದಿರುಗಿಸಿರಿ. ಹಿಂಗಾರಿ ಬಿತ್ತನೆಗೆ ಮೊದಲು ಈ ಕೆಲಸ ಮುಗಿಯಲೆಂದು ನನ್ನ ಅರಿಕೆ.

ಜೈ ಹಿಂದ್.