ಕಣ್ಣೀರಿಗೂ ಲೆಕ್ಕ ಕೇಳೋಣ

(ಮಿಲ್ ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ಸಾವಿನ ಮನೆಯ ಮುಂದೆ ಎರಡು ಬಗೆಯ ಜನ ಸೇರುತ್ತಾರೆ. ಹೆಣಕ್ಕೆ ಹೆಗಲು ಕೊಡಲು ಬಂದವರು ಕೆಲವರು. ಆ ಅಳುವಿನಲ್ಲಿ ತಮ್ಮ ಕಾರ್ಯ ಸಾಧಿಸಿಕೊಳ್ಳಲು ಬಂದವರು ಕೆಲವರು. ಇಬ್ಬರ ಕಣ್ಣಲ್ಲೂ ನೀರಿರುತ್ತದೆ. ಗುರುತು ಹಿಡಿಯುವುದು ಹೇಗೆ? ಇಂದು ನಾವು ಯೋಚಿಸಬೇಕಾದದ್ದು ಇದನ್ನೇ. ಉದಾಹರಣೆ ದೂರದ ದೇಶದ್ದು. ಪಾಠ ಮಾತ್ರ ನಮಗೂ ಬೇಕಾದದ್ದು.

2012ರ ಡಿಸೆಂಬರ್ 14ರಂದು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ನ್ಯೂಟೌನ್ ಊರಿನ ಶಾಲೆಯೊಂದಕ್ಕೆ ಬಂದೂಕು ಹಿಡಿದ ತರುಣನೊಬ್ಬ ನುಗ್ಗಿದ. 20 ಮಕ್ಕಳನ್ನೂ ಶಾಲೆಯ 6 ಮಂದಿ ಸಿಬ್ಬಂದಿಯನ್ನೂ ಕೊಂದ. ಆರೇಳು ವರ್ಷದ ಎಳೆಯ ಮಕ್ಕಳು. ದೇಶವೆಲ್ಲ ಅತ್ತಿತು. ಅಧ್ಯಕ್ಷ ಒಬಾಮಾ ಅವರೂ ಜನರೆದುರು ಕಣ್ಣೊರೆಸಿಕೊಂಡರು.

ಆಮೇಲೆ ಏನಾಯಿತು? ಬಂದೂಕುದಾರರ ಪ್ರಬಲ ಸಂಸ್ಥೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಒಂದು ವಾರದ ನಂತರ ಮುಂದೆ ಬಂದು, ಪ್ರತಿ ಶಾಲೆಗೂ ಬಂದೂಕು ಹಿಡಿದ ಕಾವಲುಗಾರ ಬೇಕೆಂದಿತು. ಬಂದೂಕು ತಂದ ಸಾವಿಗೆ ಇನ್ನಷ್ಟು ಬಂದೂಕೇ ಮದ್ದಂತೆ! ಅದರ ಪರವಾದ ರಾಜಕಾರಣಿಗಳು ಇದು ಪ್ರಾರ್ಥನೆಯ ಹೊತ್ತು, ರಾಜಕೀಯದ ಹೊತ್ತಲ್ಲ ಎಂದರು. ಅತ್ತ ಹೊಸ ಕಾನೂನು ಬಂದೀತೆಂಬ ಭಯದಿಂದ ಜನ ಬಂದೂಕಿನ ಅಂಗಡಿಗಳಿಗೆ ಮುಗಿಬಿದ್ದರು. ಊರಿಗೆ ಸೂತಕ, ಬಂದೂಕು ಕಂಪನಿಗಳಿಗೆ ಸುಗ್ಗಿ.

ಇನ್ನೊಂದು ಕಡೆಯವರನ್ನೂ ನೋಡೋಣ. ಸತ್ತ ಮಕ್ಕಳ ತಂದೆತಾಯಿಗಳು ಅಧ್ಯಕ್ಷರ ವಿಮಾನದಲ್ಲೇ ರಾಜಧಾನಿಗೆ ಬಂದು ಸೆನೆಟರುಗಳ ಬಾಗಿಲು ಬಾಗಿಲಿಗೆ ಹೋದರು. ಮುಖ್ಯ ಮಸೂದೆ ಯಾವುದು? ಸಂತೆಗಳಲ್ಲೂ ಇಂಟರ್‌ನೆಟ್ಟಿನಲ್ಲೂ ಬಂದೂಕು ಕೊಳ್ಳುವವರ ಪೂರ್ವಾಪರ ವಿಚಾರಿಸಬೇಕೆಂಬುದು. ಮಸೂದೆ ಒಳ್ಳೆಯದೇ. ಜನಾಭಿಪ್ರಾಯ ಸಂಗ್ರಹಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೂಂ ಎಂದಿದ್ದರು. ಆದರೆ ನ್ಯೂಟೌನಿನ ಬಂದೂಕುಗಳನ್ನು ಕೊಲೆಗಾರನ ತಾಯಿ ಕಾನೂನುಬದ್ಧವಾಗಿಯೇ ಕೊಂಡಿದ್ದಳು. ಯಾವ ಮಕ್ಕಳ ಹೆಸರಿನಲ್ಲಿ ಮಸೂದೆ ಬಂತೋ ಆ ಮಕ್ಕಳನ್ನು ಅದು ಉಳಿಸುತ್ತಿರಲಿಲ್ಲ. ಈ ಮಾತನ್ನು ಜನರಿಗೆ ಬಿಡಿಸಿ ಹೇಳಬೇಕಿತ್ತು.

2013ರ ಏಪ್ರಿಲ್ 17ರಂದು ಸೆನೆಟ್‌ನಲ್ಲಿ ಅದಕ್ಕೆ 54 ಓಟು ಬಿದ್ದವು, ವಿರುದ್ಧ 46. ನಿಯಮದಂತೆ 60 ಬೇಕಿತ್ತು, ಬಿದ್ದುಹೋಯಿತು. ಕೊಲೆಗಾರ ಹಿಡಿದಿದ್ದಂಥ ರೈಫಲನ್ನೇ ನಿಷೇಧಿಸುವ ತಿದ್ದುಪಡಿಗೆ ಅದೇ ದಿನ ಸಿಕ್ಕಿದ್ದು 40 ಓಟು ಮಾತ್ರ. ನಾಲ್ಕು ತಿಂಗಳ ಹಿಂದೆ ಅತ್ತವರ ಸಂಖ್ಯೆ ಎಷ್ಟು? ಈಗ ಕೈ ಎತ್ತಿದವರ ಸಂಖ್ಯೆ ಎಷ್ಟು? ಎರಡು ಪಕ್ಷಗಳನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಒಂದು ದಾರಿಗೆ ಅಡ್ಡ ಬಿತ್ತು, ಇನ್ನೊಂದು ಅರ್ಧ ದಾರಿ ನಡೆಯಿತು. ಆದರೆ ಲೆಕ್ಕ ಇಬ್ಬರಿಂದಲೂ ಕೇಳಬೇಕು.

ಹಾಗಾದರೆ ದುಃಖದ ಹೊತ್ತಿನಲ್ಲಿ ಕಾನೂನಿನ ಮಾತೇ ಆಡಬಾರದೇ? ಆಡಬೇಕು. 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳನ್ನೂ ಅವರ ಉಪಾಧ್ಯಾಯಿನಿಯನ್ನೂ ಒಬ್ಬ ಗುಂಡಿಟ್ಟು ಕೊಂದ. ಅವನ ಪಿಸ್ತೂಲುಗಳಿಗೆ ಲೈಸೆನ್ಸ್ ಇತ್ತು. ಸರ್ಕಾರ ನ್ಯಾಯಾಧೀಶರೊಬ್ಬರಿಂದ ವಿಚಾರಣೆ ನಡೆಸಿತು. ಜನ ಅಷ್ಟಕ್ಕೇ ಕೈಕಟ್ಟಿ ಕೂರಲಿಲ್ಲ. 7 ಲಕ್ಷಕ್ಕೂ ಮಿಕ್ಕಿ ಸಹಿ ಕೂಡಿಸಿದರು. 1997ರಲ್ಲಿ ಮೊದಲು ಕನ್ಸರ್ವೇಟಿವ್ ಸರ್ಕಾರ, ಚುನಾವಣೆಯಾದ ಮೇಲೆ ಲೇಬರ್ ಸರ್ಕಾರ, ಎರಡು ಕಾನೂನು ತಂದು ಖಾಸಗಿ ಜನರ ಕೈಯಿಂದ ಬಹುಮಟ್ಟಿಗೆ ಎಲ್ಲ ಪಿಸ್ತೂಲುಗಳನ್ನೂ ಬಿಡಿಸಿದವು. ಚುನಾವಣೆ ಹತ್ತಿರವಿದ್ದಾಗ ಅಲ್ಲಿಯ ಪಕ್ಷಗಳೂ ಲಾಭ ನೋಡದೆ ಇರಲಿಲ್ಲ. ಆದರೆ ಕಾನೂನು ಕೊಂದ ಆಯುಧವನ್ನೇ ಮುಟ್ಟಿತು. ಅದು ಬರುವ ತನಕ ಜನ ಪಟ್ಟು ಬಿಡಲಿಲ್ಲ. ವ್ಯತ್ಯಾಸ ಇದ್ದದ್ದು ಇಲ್ಲಿ.

ಸಂಗಾತಿಗಳೇ, ಮಿಲ್ಲಿನಲ್ಲಿ ಬಾಯ್ಲರ್ ಸಿಡಿದಾಗ, ಪೇಟೆಗೆ ಬೆಂಕಿ ಬಿದ್ದಾಗ ಹಾರ ಹಿಡಿದು ಬರುವ ಮುಖಂಡರನ್ನು ನಾವು ಮೂರು ಮಾತು ಕೇಳೋಣ. ನೀವು ಹೇಳುವ ಕಾನೂನು ಈ ಸಾವನ್ನು ತಪ್ಪಿಸುತ್ತಿತ್ತೇ? ಇದರಿಂದ ಯಾರ ಜೇಬು ತುಂಬುತ್ತದೆ? ಹಾರ ಬಾಡಿದ ಮೇಲೆ ನಿಮ್ಮ ಓಟು ಯಾವ ಕಡೆಗೆ? ಉತ್ತರ ಬರೆದಿಟ್ಟುಕೊಳ್ಳೋಣ. ಅವರು ಮತ್ತೆ ಓಟು ಕೇಳಲು ಬಂದ ದಿನ ಆ ಚೀಟಿಯನ್ನು ಅವರ ಮುಂದೆಯೇ ಓದೋಣ.